ಅಟ್ಟದ ಕಾಯಿ, ಕ್ಯಾಂಟೀನಿನ ಚಟ್ನಿ

ನನ್ನ ಮೊಮ್ಮಗಳಿಗೆ ಈಗ ಎಂಟು ತುಂಬಿದೆ. ನಾನು ಇದನ್ನು ಬರೆಯುವಾಗ ಪಕ್ಕದಲ್ಲೇ ಕೂತು, ನನ್ನ ತೊಡೆಯ ಮೇಲೆ ಮೊಣಕೈ ಊರಿಕೊಂಡು ಅಕ್ಷರಕ್ಕೆ ಕಾವಲು ಕಾಯುತ್ತಿದ್ದಾಳೆ. "ಅಜ್ಜಿ, ಇಲ್ಲಿ ದೀರ್ಘ ಬಿಟ್ಟೆ" ಎನ್ನುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು, ಅವಳು ಓದುತ್ತಿರುವುದೂ ಮೂರನೇ ಕ್ಲಾಸು. ಹಾಗಾಗಿ ನಾವಿಬ್ಬರೂ ಜೊತೆಗಾರರು. ಬರುವ ವರ್ಷ ನನ್ನನ್ನು ಹಿಂದೆ ಹಾಕಿ ನಾಲ್ಕನೆಯದಕ್ಕೆ ಹೋಗುತ್ತಾಳಲ್ಲ, ಅದನ್ನು ಈಗಲೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಹಾಲಿನವನಿಗೂ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಅವಳ ಹಲ್ಲು ಬಿದ್ದರೂ ನನಗೆ ಸಂಭ್ರಮ, ಹೊಸ ಹಲ್ಲು ಹುಟ್ಟಿದರೂ ಸಂಭ್ರಮ. ಮಗಳಿಗೆ ಮದುವೆಯಾಗಿ ಐದು ವರ್ಷ ಕಾದು ಹುಟ್ಟಿದ ಕೂಸು ಅದು. ನನ್ನ ಸಂತೋಷಕ್ಕೆ ಅಳತೆ ಎಲ್ಲಿಂದ ತರಲಿ?

ಆದರೆ ಆ ಸಂತೋಷದ ಮಾರನೆಯ ದಿನವೇ ನಾನು ಒಂದು ಮಾತಾಡಿದೆ. ಆಡಬಾರದ ಮಾತು. ಅವಳ ಹುಟ್ಟಿದ ದಿನ ಬಂದಾಗಲೆಲ್ಲ ಎಲ್ಲರೂ ಅವಳ ಮುಖ ನೋಡಿ ನಗುತ್ತಿರುವಾಗ ನನಗೆ ಇನ್ನೊಬ್ಬ ಹುಡುಗಿಯ ಮುಖವೂ ಕಾಣುತ್ತದೆ. ಅದನ್ನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿನ ಒಂದು ಕಾಲೇಜಿನಲ್ಲಿ ನಾವು ಕ್ಯಾಂಟೀನು ನಡೆಸುತ್ತಿದ್ದೆವು. ಶೀಟು ಹೊದಿಸಿದ ಉದ್ದನೆಯ ಹಜಾರ. ಒಂದು ತುದಿಗೆ ನನ್ನ ಅಡುಗೆಮನೆ, ಇನ್ನೊಂದು ತುದಿಗೆ ನಮ್ಮ ಯಜಮಾನರ ಪುಟ್ಟ ಅಂಗಡಿ. ನೋಟ್ ಪುಸ್ತಕ, ಇಂಕು, ನಿಬ್ಬು, ಗ್ರಾಫ್ ಹಾಳೆ, ಸೋಪು, ಬಿಸ್ಕತ್ತು ಎಲ್ಲ ಒಂದೇ ಬೀರುವಿನಲ್ಲಿ ಒತ್ತಿಕೊಂಡು ಕೂತಿರುತ್ತಿದ್ದವು. ನಡುವೆ ಕಲ್ಲಿನ ಬೆಂಚುಗಳು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಚಿತ್ರಾನ್ನವೋ ಪುಳಿಯೋಗರೆಯೋ, ದಿನವಿಡೀ ಕಾಫಿ ಟೀ.

ಆ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಬಂದ ವಾರದಲ್ಲೇ ಒಂದು ಬೆಳಿಗ್ಗೆ ಹುಡುಗರ ನಡುವೆ ಕೂತು ಇಡ್ಲಿ ತಿಂದರು. ತಿಂದು, ಕೈ ತೊಳೆದುಕೊಂಡು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಮ್ಮಾ, ಇದು ತಿಪಟೂರೇ ತಾನೆ?"

"ಹೌದು ಸಾರ್."

"ಮತ್ತೆ ಚಟ್ನೀಲಿ ಕಾಯಿ ಎಲ್ಲಿ ಹೋಯ್ತು?"

ನನ್ನ ಚಟ್ನಿಯಲ್ಲಿ ಇದ್ದದ್ದು ಹುರಿಗಡಲೆ, ಹಸಿಮೆಣಸಿನಕಾಯಿ, ಮಿಕ್ಕಿದ್ದು ನೀರು. ಹೊರಗಿನವರಿಗೆ ಇದು ನಗು ತರಿಸೀತು. ನಮ್ಮ ಕಡೆ ಕಾಯಿ ಇರುವುದು ಒಡೆಯುವುದಕ್ಕಲ್ಲ, ಕೊಬ್ಬರಿಗೆ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟ ಬಿಟ್ಟು ಉಂಡೆಯಾಗಬೇಕು. ಮಾಯಸಂದ್ರದ ಹತ್ತಿರ ನನ್ನ ತವರು. ಅಟ್ಟದ ತುಂಬ ಕಾಯಿ ಇದ್ದರೂ ಸಾರಿಗೆ ಬೇಕೆಂದರೆ ನಮ್ಮವ್ವ ತೋಟದಲ್ಲಿ ಬಿದ್ದದ್ದನ್ನು ಹುಡುಕಿ ತರುತ್ತಿದ್ದಳೇ ಹೊರತು ಏಣಿ ಹತ್ತುತ್ತಿರಲಿಲ್ಲ. ಅಟ್ಟದ ಕಾಯಿಗೆ ಕೈ ಹಾಕಿದವರು ಸ್ವಂತ ಮನೆಗೆ ಕನ್ನ ಹಾಕಿದ ಹಾಗೆ ಎನ್ನುತ್ತಿದ್ದಳು. ಅಂಥ ಕಡೆ, ಕಾಲೇಜಿನವರು ಗೊತ್ತುಮಾಡಿದ ದರಕ್ಕೆ ಇಡ್ಲಿ ಕೊಡುವ ನಾನು ಕಾಯಿಯನ್ನು ಕಣ್ಣಲ್ಲಿ ನೋಡುವುದಷ್ಟೇ ಆಗಿತ್ತು.

ಪ್ರಿನ್ಸಿಪಾಲರು ಬೈಯಲಿಲ್ಲ. ಮಾರನೆಯ ದಿನ ಒಂದು ದಪ್ಪ ರಟ್ಟಿನ ಪುಸ್ತಕ ಕಳಿಸಿದರು. ಅದನ್ನು ಅಂಗಡಿಯ ಕಟ್ಟೆಯ ಪಕ್ಕ ಮೊಳೆಗೆ ನೇತುಹಾಕಿ, ದಾರದಲ್ಲಿ ಪೆನ್ಸಿಲು ಕಟ್ಟಬೇಕು. ಕ್ಯಾಂಟೀನಿನ ಬಗ್ಗೆ, ಅಂಗಡಿಯ ಬಗ್ಗೆ ಯಾರಿಗೆ ಏನು ಅನ್ನಿಸಿದರೂ ಬರೆಯಬಹುದು, ಹೆಸರು ಹಾಕಬೇಕಿಲ್ಲ. ಶನಿವಾರ ತರಗತಿ ಮುಗಿದ ಮೇಲೆ ನಮ್ಮ ಯಜಮಾನರು ಎಲ್ಲರ ಎದುರಿಗೆ ಅದನ್ನು ಗಟ್ಟಿಯಾಗಿ ಓದಬೇಕು. ಯಾವುದನ್ನು ಸರಿಪಡಿಸುತ್ತೇವೆ ಎನ್ನುವುದನ್ನು ಎದುರಿನ ಪುಟದಲ್ಲಿ ಬರೆಯಬೇಕು. ರಟ್ಟಿನ ಮೇಲೆ ಅವರೇ ದುಂಡಗೆ ಬರೆದಿದ್ದರು: ಗುಣದೋಷ ಪುಸ್ತಕ.

"ಗುಣ ಯಾರ್ ಬರೀತಾರೆ, ಬರೀ ದೋಷಾನೇ ಬರೋದು, ನೋಡ್ತಿರು" ಎಂದರು ಯಜಮಾನರು.

ಅವರು ಹೇಳಿದಂತೆಯೇ ಆಯಿತು. ಇಡ್ಲಿಯಲ್ಲಿ ಗೋಡೆ ಕಟ್ಟಬಹುದು ಎಂದು ಒಬ್ಬ. ಕಾಫಿಪುಡಿಯನ್ನು ನೀರಿಗೆ ದೂರದಿಂದ ತೋರಿಸಿ ವಾಪಸ್ಸು ಡಬ್ಬಿಗೆ ಹಾಕುತ್ತೀರಾ ಎಂದು ಇನ್ನೊಬ್ಬ. ಯಜಮಾನರ ಅಂಗಡಿಗೂ ಬಿತ್ತು: ನಿಮ್ಮ ನೋಟ್ ಪುಸ್ತಕದಲ್ಲಿ ಬರೆದರೆ ಇತಿಹಾಸವೆಲ್ಲ ಸೋಪಿನ ವಾಸನೆ ಹೊಡೆಯುತ್ತದೆ. ಅದನ್ನು ಅವರೇ ಎಲ್ಲರ ಮುಂದೆ ಓದಬೇಕಾಯಿತು. ಓದಿ, ಕನ್ನಡಕ ತೆಗೆದು, "ಸ್ನಾನ ಮಾಡ್ದೆ ಬರೋರ್ಗೆ ಅನುಕೂಲ ಆಗ್ಲಿ ಅಂತ ಇಟ್ಟಿದ್ದೆ" ಎಂದರು. ಹಜಾರವೆಲ್ಲ ನಗು. ಸೋಪು ಮಾತ್ರ ಸೋಮವಾರದ ಹೊತ್ತಿಗೆ ಬೇರೆ ಪೆಟ್ಟಿಗೆಗೆ ಹೋಯಿತು. ಇಡ್ಲಿ ಹಿಟ್ಟಿಗೆ ಉದ್ದು ಹೆಚ್ಚಾಯಿತು. ನಿಜ ಹೇಳುತ್ತೇನೆ, ಆ ಪುಸ್ತಕದಿಂದ ನಾವು ಸುಧಾರಿಸಿದೆವು.

ಅದರಲ್ಲಿ ಒಂದು ಬರಹ ಮಾತ್ರ ಬೇರೆ ತರಹ ಇರುತ್ತಿತ್ತು. ಮುತ್ತು ಪೋಣಿಸಿದಂಥ ಅಕ್ಷರ. ನನ್ನಂಥವಳಿಗೂ ತಡವರಿಸದೆ ಓದಲು ಬರುತ್ತಿತ್ತು. ಅದರಲ್ಲಿ ಗೇಲಿ ಇರುತ್ತಿರಲಿಲ್ಲ. ಒಂದು ಸಲ ಹೀಗಿತ್ತು: ಹುರಿಗಡಲೆಯನ್ನು ನೆನೆಸದೆ ಪುಡಿ ಮಾಡಿ ಕೊನೆಯಲ್ಲಿ ಹಾಕಿದರೆ ಚಟ್ನಿ ಅಂಟುವುದಿಲ್ಲ, ಮೆಣಸಿನಕಾಯಿಯನ್ನು ಎರಡು ಹನಿ ಎಣ್ಣೆಯಲ್ಲಿ ಬಾಡಿಸಿ.

ನನಗೆ ಉರಿದುಹೋಯಿತು. ಇಪ್ಪತ್ತೈದು ವರ್ಷ ಒರಳಿನ ಮುಂದೆ ಕೂತವಳಿಗೆ ಚಟ್ನಿ ಹೇಳಿಕೊಡಲು ಬಂದವರು ಯಾರು? ಒಂದು ಮಧ್ಯಾಹ್ನ ಕಣ್ಣಾರೆ ಕಂಡೆ. ಬಿ.ಎ. ಎರಡನೇ ವರ್ಷದ ಹುಡುಗಿ. ಸಣ್ಣ ಕಾಯ, ಉದ್ದ ಜಡೆ, ವಾರವೆಲ್ಲ ಎರಡೇ ಲಂಗದಾವಣಿ. ದಾರದ ಪೆನ್ಸಿಲು ಹಿಡಿದು, ತುಟಿ ಕಚ್ಚಿಕೊಂಡು ಬರೆಯುತ್ತಿದ್ದಳು. ಮಾತು ಕಡಿಮೆ. ಹುಳಿಯಾರಿನ ಆಚೆ ಕೆಂಕೆರೆ ಕಡೆಯಿಂದ ಬಂದು ತಿಪಟೂರಿನಲ್ಲಿ ನೆಲೆ ನಿಂತವರು, ತಂದೆ ಇಲ್ಲ ಎಂದು ಆಮೇಲೆ ತಿಳಿಯಿತು.

ಅವಳು ಬರೆದ ಹಾಗೆ ಒಂದು ದಿನ ಯಾರಿಗೂ ಹೇಳದೆ ಮಾಡಿ ನೋಡಿದೆ. ಚಟ್ನಿ ಚೆನ್ನಾಗಿಯೇ ಆಯಿತು. ಅದರಿಂದ ನನ್ನ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಕಾಯಿಯ ದೂರು ಮಾತ್ರ ಪ್ರತಿ ಶನಿವಾರ ಬರುತ್ತಲೇ ಇತ್ತು. ಕೊನೆಗೆ ತುರುವೇಕೆರೆ ಕಡೆಯ ಒಬ್ಬ ಹುಡುಗ ಎದ್ದು ನಿಂತು, "ಇದೇನ್ ಸಾರ್ ನಾಚಿಕೆಗೇಡು, ನಮ್ಮ ತೋಟ್ದಾಗೆ ಬಿದ್ದಿರೋದನ್ನೇ ಒಂದೊಂದು ತಂದ್ರೆ ಆಯ್ತಪ್ಪ. ಸೋಮವಾರಕ್ಕೊಂದು ಕಾಯಿ, ವಾರವೆಲ್ಲ ಚಟ್ನಿ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ಒಪ್ಪಿದರು. ತೋಟ ಇರುವವರು, ಮನಸ್ಸಿದ್ದವರು ತರಲಿ, ಬಲವಂತವಿಲ್ಲ ಎಂದರು. ಎದುರಿನ ಪುಟದಲ್ಲಿ ಅದನ್ನು ಬರೆದೂ ಆಯಿತು.

ಅಂದಿನಿಂದ ಸೋಮವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಒಂದು ಬಿದಿರಿನ ಮಂಕರಿ ಇಟ್ಟೆ. ಹುಡುಗರು ಕೈಚೀಲದಿಂದ ಸುಲಿದ ಕಾಯಿ ತೆಗೆದು ಅದಕ್ಕೆ ಹಾಕುವುದು, ನಾನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೀರಿನ ಸದ್ದು ಕೇಳಿ, "ಭೇಷ್, ಇದು ಕಾಯಂದ್ರೆ!" ಎನ್ನುವುದು. ಅದೊಂದು ಆಟವೇ ಆಗಿಹೋಯಿತು. ನಮ್ಮೂರದ್ದು ದಪ್ಪ, ನಿಮ್ಮೂರದ್ದು ನಿಂಬೆಹಣ್ಣು ಎಂದು ಜಗಳವಾಡುತ್ತಿದ್ದರು. ಬಲವಂತವಿಲ್ಲ ಎಂದು ಹೇಳಿದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಕಾಯಿ ತರದವರನ್ನು, "ಏನ್ಲಾ, ಬಿಟ್ಟಿ ಚಟ್ನಿ ಗಿರಾಕಿ" ಎಂದು ಕಾಲೆಳೆಯುತ್ತಿದ್ದರು. ತೋಟವೇ ಇಲ್ಲದವರು ಇದ್ದಾರೆ ಎನ್ನುವುದು ನಮಗೆ ಯಾರಿಗೂ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ.

ಆ ಹುಡುಗಿ ಮಂಕರಿ ಇಟ್ಟ ದಿನದಿಂದ ಇಡ್ಲಿಗೆ ಚಟ್ನಿ ಬೇಡ ಎನ್ನತೊಡಗಿದಳು. ಬರೀ ಇಡ್ಲಿಯನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ನಾನು ಅದನ್ನು ಕೊಬ್ಬು ಎಂದುಕೊಂಡೆ. ನನ್ನ ಚಟ್ನಿ ಅವಳ ನಾಲಿಗೆಗೆ ಹಿಡಿಸುವುದಿಲ್ಲವೇನೋ ಎಂದು ಗೊಣಗಿದೆ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ನನ್ನ ಮಗಳಿಗೆ ಹೆರಿಗೆಯಾಯಿತು. ಹೆಣ್ಣುಮಗು. ಅಯ್ಯೋ, ಆ ಕೂಸು! ಬೆರಳೆಲ್ಲ ಬೆಂಡೆಕಾಯಿ ಮಿಡಿ. ನನ್ನ ಕಿರುಬೆರಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಮಾರನೆಯ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಸರಿಬಾತು ಮಾಡಿದೆ. ತುಪ್ಪದ ಡಬ್ಬಿಯನ್ನು ಬೋರಲು ಹಾಕಿದೆ. ಯಜಮಾನರು, "ಲೇ ಇವ್ಳೇ, ನಾಮಕರಣಕ್ಕೂ ಒಸಿ ಉಳ್ಸು" ಎಂದರೆ, "ಸುಮ್ಕಿರ್ರೀ, ಅಜ್ಜ ಆಗಿದೀರಾ, ಕೈ ದೊಡ್ಡದು ಮಾಡಿ" ಎಂದೆ. ಮಂಕರಿಯ ಪಕ್ಕ ನಿಂತು ಕಾಯಿ ತಂದವರಿಗೆಲ್ಲ ಕೈಯಾರೆ ಕೇಸರಿಬಾತು ಕೊಡುತ್ತ, ಒಬ್ಬೊಬ್ಬರಿಗೂ ಒಂದೊಂದು ಚಟಾಕಿ ಹಾರಿಸುತ್ತ ನಿಂತೆ. ನಾನು ಏನು ಹೇಳಿದರೂ ನಗುತ್ತಿದ್ದರು. ನಗಿಸುವ ರುಚಿ ಹತ್ತಿತು.

ಆಗ ಆ ಹುಡುಗಿ ಬಂದಳು. ಮೊದಲ ಸಲ ಕಾಯಿ ತಂದಿದ್ದಳು. ಹಳೆಯ ಟವಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಬಿಚ್ಚಿ, ಎರಡೂ ಕೈಯಲ್ಲಿ ನನಗೆ ಕೊಟ್ಟಳು. "ಮೊಮ್ಮಗಳು ಹುಟ್ಟಿದ್ಲಂತಲ್ಲಮ್ಮ" ಎಂದಳು. ಅವಳ ಮುಖದಲ್ಲಿ ಸಣ್ಣ ನಗು ಇತ್ತು. ಆ ನಗುವನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ನೀರಿನ ಸದ್ದೇ ಇಲ್ಲ. ಜುಟ್ಟು ಒಣಗಿ ಕಂದು ತಿರುಗಿದೆ, ಮೂಗಿಗೆ ಹಿಡಿದರೆ ಹೊಗೆಯ ವಾಸನೆ. ತೋಟದಿಂದ ಬಂದ ಕಾಯಿಯಲ್ಲ. ತಿಂಗಳಾನುಗಟ್ಟಲೆ ಅಟ್ಟದಲ್ಲಿದ್ದ ಕಾಯಿ. ನಮ್ಮ ಕಡೆಯ ಯಾವ ಹೆಂಗಸಿಗಾದರೂ ಇದು ಒಂದು ಗಳಿಗೆಯಲ್ಲಿ ತಿಳಿಯುತ್ತದೆ.

"ಇದೇನೇ ಅಮ್ಮಯ್ಯ, ಅಟ್ಟದ ಕಾಯಿ ತಂದಿದೀಯಾ! ಯಾರ ಅಟ್ಟ ಹತ್ತಿದ್ದೆ ಕಣೇ?" ಎಂದೆ. ಗಟ್ಟಿಯಾಗಿಯೇ ಎಂದೆ.

ಹಜಾರ ಸಿಡಿದು ನಕ್ಕಿತು. ಹಿಂದಿನಿಂದ ಒಬ್ಬ, "ಏಣಿ ಯಾರು ಹಿಡ್ಕೊಂಡಿದ್ರಂತೆ ಕೇಳಮ್ಮ!" ಎಂದ. ಇನ್ನೊಬ್ಬ ಮುಷ್ಟಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ತೋರಿಸಿದ. ಮತ್ತೂ ನಗು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವಳು ನಗಲಿಲ್ಲ, ಅಳಲೂ ಇಲ್ಲ. "ಒಡ್ದು ನೋಡಿ ಅಮ್ಮ, ಚೆನ್ನಾಗೈತೆ" ಎಂದಳು. ಟವಲನ್ನು ಮಡಿಸಿದಳು. ಮತ್ತೆ ಇನ್ನೊಂದು ಮಡಿಕೆ ಮಡಿಸಿದಳು. ಕೇಸರಿಬಾತು ಮುಟ್ಟದೆ ಹೊರಟುಹೋದಳು.

ಒಡೆದು ನೋಡಿದೆ. ತಿರುಳು ಬೆರಳುದಪ್ಪ, ಬಿಳಿ ಅಂದರೆ ಬಿಳಿ, ಬಾಯಿಗಿಟ್ಟರೆ ಸಿಹಿ. ಅರ್ಧ ಒಣಗಿದ ಕಾಯಿಗೆ ಇರುವ ಜಿಡ್ಡು ಹಸಿ ಕಾಯಿಗೆ ಬರುವುದಿಲ್ಲ. ಅವತ್ತಿನ ಚಟ್ನಿಗೆ ಅದನ್ನೇ ತುರಿದೆ. ಶನಿವಾರ ಪುಸ್ತಕದಲ್ಲಿ ಮೊಟ್ಟಮೊದಲ ಗುಣ ಬಂತು: ಸೋಮವಾರದ ಚಟ್ನಿಗೆ ನಮಸ್ಕಾರ. ಅದರ ಕೆಳಗೆ ಇನ್ನಿಬ್ಬರು ಹೌದು ಹೌದು ಎಂದು ಬರೆದಿದ್ದರು. ಯಜಮಾನರು ಓದಿದಾಗ ನಾನು ಸೆರಗು ಸರಿಮಾಡಿಕೊಂಡು ನಿಂತೆ. ಆ ಹೊಗಳಿಕೆ ಯಾರಿಗೆ ಸೇರಬೇಕಾದದ್ದು ಎಂದು ಆ ಕ್ಷಣಕ್ಕೂ ನನಗೆ ನೆನಪಾಗಲಿಲ್ಲ.

ನೆನಪಾದದ್ದು ಇನ್ನೂ ಒಂದು ವಾರದ ಮೇಲೆ. ಪುಸ್ತಕ ತಿರುವಿದರೆ ಆ ಮುತ್ತಿನ ಅಕ್ಷರ ಕಾಣಲಿಲ್ಲ. ಹುಡುಗಿಯೂ ಕಾಣಲಿಲ್ಲ. ಅವಳ ಬೆಂಚಿನಲ್ಲಿ ಕೂರುತ್ತಿದ್ದ ಇನ್ನೊಬ್ಬಳನ್ನು ಕೇಳಿದೆ.

"ಅವಳು ಕ್ಲಾಸಿಗೇ ಬರ್ತಿಲ್ಲಮ್ಮ" ಎಂದಳು. "ಎದುರಿಗೆ ಬಂದ್ರೆ ಸಾಕು, ಗಂಡು ಹುಡುಗ್ರು ಕಿವಿ ಹತ್ರ ಮುಷ್ಟಿ ಅಲ್ಲಾಡಿಸ್ತಾರೆ. ಅಟ್ಟ ಬಂತು ಅಟ್ಟ ಅಂತಾರೆ. ಇನ್ನೊಂದು ವಾರ ಹಿಂಗೇ ಆದ್ರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರ್ಸಲ್ವಂತೆ. ಹಗಲೆಲ್ಲ ರೈಲ್ವೆ ಸ್ಟೇಷನ್ ಬೆಂಚಿನ ಮೇಲೆ ಕೂತಿರ್ತಾಳೆ ಅಂತ ಯಾರೋ ಅಂದ್ರು. ಅವರಮ್ಮ ಕೊಬ್ಬರಿ ಮಂಡೀಲಿ ಕರಟ ಬಿಡಿಸೋ ಕೆಲಸ ಮಾಡ್ತಾರೆ."

ಕರಟ ಬಿಡಿಸುವ ಕೆಲಸ ಎಂದ ತಕ್ಷಣ ಆ ಕಾಯಿ ಎಲ್ಲಿಂದ ಬಂದದ್ದೆಂದು ತಿಳಿಯಿತು. ಅಟ್ಟ ಇಳಿಸಿದಾಗ ಎಲ್ಲ ಕಾಯಿಯೂ ಒಳ್ಳೆಯ ಉಂಡೆಯಾಗಿರುವುದಿಲ್ಲ. ಕೆಲವು ಅರೆಬರೆ ಒಣಗಿರುತ್ತವೆ. ಅವನ್ನು ಬೇರೆ ತೆಗೆದು ಕರಟ ಬಿಡಿಸುವ ಹೆಂಗಸರಿಗೆ ಕೂಲಿಯ ಜೊತೆಗೆ ಕೊಡುವುದು ಪದ್ಧತಿ. ನನ್ನ ತವರಿನ ಅಂಗಳದಲ್ಲಿ ನಮ್ಮವ್ವ ಎಷ್ಟು ಹೆಂಗಸರ ಮಡಿಲಿಗೆ ಅಂಥ ಕಾಯಿ ಹಾಕಿದ್ದನ್ನು ನಾನು ನೋಡಿಲ್ಲ! ನೀರಿಲ್ಲದ ಕಾಯಿ ಎರಡು ದಾರಿಯಲ್ಲಿ ಕೈಗೆ ಬರುತ್ತದೆ: ಒಂದು ಕಳ್ಳತನ, ಇನ್ನೊಂದು ಕೂಲಿ. ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೂ ನಗು ಬರುವ ದಾರಿಯನ್ನು ಆರಿಸಿಕೊಂಡೆ. ಚಟ್ನಿ ಹೇಳಿಕೊಟ್ಟಳೆಂಬ ಮುಳ್ಳು ಕೂಡ ಒಳಗೆ ಇತ್ತು. ಗೊತ್ತಿಲ್ಲದೆ ಅಂದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಯಜಮಾನರಿಗೆ ಹೇಳಿದೆ. "ಆಡಿದೋಳು ನೀನು. ನೀನೇ ಹೋಗು" ಎಂದರು.

ಆ ಹುಡುಗಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಮೊದಲು ತಾಯಿಯ ಹತ್ತಿರ ಹೋಗಿ ನಾಲ್ಕು ಒಳ್ಳೆಯ ಮಾತಾಡಿದರೆ ಮಿಕ್ಕಿದ್ದನ್ನು ಅವರೇ ಮಗಳಿಗೆ ಹೇಳುತ್ತಾರೆ ಎಂದು ಲೆಕ್ಕ ಹಾಕಿದೆ. ಅದೂ ಒಂದು ಹೇಡಿತನವೇ. ಮಂಡಿಯ ಹಿಂದಿನ ಅಂಗಳದಲ್ಲಿ ಏಳೆಂಟು ಹೆಂಗಸರು ಗೋಣಿಚೀಲದ ಮೇಲೆ ಕೂತು ಕರಟ ಬಿಡಿಸುತ್ತಿದ್ದರು. ಕೇಳಿದೆ. ಒಬ್ಬಾಕೆ ಕತ್ತಿ ಪಕ್ಕಕ್ಕಿಟ್ಟು ಎದ್ದು ಬಂದರು. ಕೈಯ ಮೇಲೆಲ್ಲ ಗೀರು. ಅದೇ ಮೂಗು, ಅದೇ ಹಣೆ.

"ಕಾಲೇಜಿನ ಕ್ಯಾಂಟೀನಿಂದ ಬಂದಿದೀನಿ ಕಣಮ್ಮ" ಎಂದೆ.

ಆಕೆಯ ಮುಖ ಅರಳಿದ್ದನ್ನು ಹೇಗೆ ಬರೆಯಲಿ!

"ಅಯ್ಯೋ, ನೀವೇನಾ ಅಮ್ಮಾವ್ರೆ! ಬನ್ನಿ, ಬನ್ನಿ, ನೆರಳಿಗೆ ಬನ್ನಿ. ನಮ್ಮ ಹುಡ್ಗಿ ಹೇಳಿದ್ಲು. ಎಲ್ರೂ ಕಾಯಿ ತಕ್ಕೊಂಡೋಯ್ತಾರೆ ಕಣವ್ವ, ನಾನೊಬ್ಳೇ ಬರಿಗೈ ಅಂತ ಸಪ್ಪಗಿರೋಳು. ಅದ್ಕೇ ಅವತ್ತು ನನ್ ಪಾಲಿಗೆ ಬಂದ ಕಾಯೆಲ್ಲ ಮುಂದಿಟ್ಕೊಂಡು, ಒಂದೊಂದೇ ತಟ್ಟಿ ನೋಡಿ, ಅದ್ರಾಗೆ ಒಳ್ಳೇದು ಆರಿಸಿ ಕೊಟ್ಟೆ. ಸಂಜೆ, ಕ್ಯಾಂಟೀನಮ್ಮ ಏನಂದ್ರೇ ಅಂದೆ. ಎಲ್ರ ಮುಂದೇನೇ ಭಾಳ ಹೊಗಳಿದ್ರು ಕಣವ್ವ, ಇಂಥ ಕಾಯಿ ನೋಡೇ ಇಲ್ಲ ಅಂದ್ರು ಅಂದ್ಲು. ದಿಟವಾ ಅಮ್ಮಾವ್ರೆ?"

ನಾನು ತಲೆಯಾಡಿಸಿದೆ. "ದಿಟ" ಎಂದೆ. "ಅಂಥ ಚಟ್ನಿ ನಾನು ಯಾವತ್ತೂ ಮಾಡಿರ್ಲಿಲ್ಲ."

ಅದು ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಸುಳ್ಳನ್ನು ನಾನು ಜೀವಮಾನದಲ್ಲಿ ಆಡಿಲ್ಲ.

"ಈಗ ಎಲ್ಲವ್ಳೆ ಮಗಳು?" ಎಂದೆ, ಗೊತ್ತಿದ್ದೂ.

"ಇನ್ನೆಲ್ಲಿ? ಕಾಲೇಜ್ನಾಗೆ. ಒಂದಿನ ತಪ್ಪಿಸ್ದೋಳಲ್ಲ" ಎಂದರು ಆ ತಾಯಿ. ನನಗೆ ಎರಡು ಹೊಸ ಕೊಬ್ಬರಿ ಚೂರು ಕೊಟ್ಟು, "ಬಾಣಂತಿಗೆ ಕೊಡಿ" ಎಂದು ಕೈಗೆ ಒತ್ತಿದರು. ತೆಗೆದುಕೊಂಡೆ. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಅಲ್ಲಿಂದ ಸ್ಟೇಷನ್ನಿಗೆ ಹೆಚ್ಚು ದೂರವಿಲ್ಲ. ಹುಡುಗಿ ಪ್ಲಾಟ್‌ಫಾರಂನ ಕೊನೆಯ ಬೆಂಚಿನಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ನನ್ನನ್ನು ನೋಡಿದವಳು ಪುಸ್ತಕ ಮುಚ್ಚಲಿಲ್ಲ.

"ಊರಿಗೆ ಹೊರಟ್ರಾ ಅಮ್ಮ?"

"ಇಲ್ಲ ಕಣವ್ವ. ನಿನ್ನೇ ನೋಡಾಣ ಅಂತ ಬಂದೆ."

"ಇಲ್ಲಿ ಅಟ್ಟ ಇಲ್ಲಮ್ಮ. ಬರೀ ಬೆಂಚು."

ನಾನು ಅವಳ ಪಕ್ಕ ಕೂರಲಿಲ್ಲ. ಕೂರುವ ಹಕ್ಕು ಇದೆ ಎನ್ನಿಸಲಿಲ್ಲ. "ನಿಮ್ಮವ್ವನ್ನ ನೋಡ್ಕೊಂಡು ಬಂದೆ" ಎಂದೆ.

ಅವಳು ತಟ್ಟನೆ ಎದ್ದು ನಿಂತಳು. "ಹೇಳಿಬಿಟ್ರಾ?"

"ಇಲ್ಲ. ನೀನು ಹೇಳಿದ್ದನ್ನೇ ಹೌದು ಅಂದೆ."

ಅವಳು ಮತ್ತೆ ಕೂತಳು. "ಹೇಳ್ಬ್ಯಾಡಿ. ಆ ಕಾಯಿ ಆರಿಸಕ್ಕೆ ನಮ್ಮವ್ವ ಅರ್ಧಗಂಟೆ ಕೂತಿದ್ಲು."

"ತಪ್ಪಾಯ್ತು ಕಣವ್ವ" ಎಂದೆ. "ಮೊಮ್ಮಗಳು ಹುಟ್ಟಿದ ಖುಷೀಲಿ ಬಾಯಿ ಸಡಿಲ ಆಯ್ತು."

"ಖುಷಿ ಆದ್ರೆ ಹಂಗೆ ಅಂತಾರಾ ಅಮ್ಮ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು. ಆಮೇಲೆ ಅವಳೇ ಮತ್ತೆ ಕೇಳಿದಳು: "ಅವತ್ತು ಅಂದಿದ್ದು ಎಷ್ಟು ಜನದ ಮುಂದೆ?"

"ಹಜಾರದ ತುಂಬ ಇದ್ರು."

"ಈಗ ತಪ್ಪಾಯ್ತು ಅಂತಿರೋದು?"

ಸುತ್ತ ನೋಡಿದೆ. ದೂರದಲ್ಲಿ ಒಬ್ಬ ಕೂಲಿಯಾಳು ಮಲಗಿದ್ದ. ಒಂದು ನಾಯಿ ಇತ್ತು.

ಅವಳು ಪುಸ್ತಕದ ಹಾಳೆ ತಿರುವಿದಳು. "ಕೂಲಿ ಕಾಯಿ ಅಂತ ಹೇಳೋದಾದ್ರೆ ಅದನ್ನೂ ಗಟ್ಟಿಯಾಗೇ ಹೇಳಿ. ನಮ್ಮವ್ವ ದುಡಿದಿದ್ದು ಅಂತ ಹೇಳಕ್ಕೆ ನಂಗೇನ್ ನಾಚಿಕೆ ಇಲ್ಲ" ಎಂದಳು.

ಮೂರು ದಿನ ಕೂತು ಬರೆದೆ. ಬರೆದದ್ದು ಆರೇ ಸಾಲು. ಯಜಮಾನರನ್ನು ತಿದ್ದಿಕೊಡಿ ಎಂದರೆ ತಿದ್ದಲಿಲ್ಲ. "ನಾನು ತಿದ್ದಿದ್ರೆ ಅದು ನನ್ ಮಾತು ಆಯ್ತದೆ" ಎಂದರು. ಶನಿವಾರ ಹಜಾರ ತುಂಬಿತ್ತು, ಪ್ರಿನ್ಸಿಪಾಲರೂ ಇದ್ದರು. ಎಲ್ಲ ದೂರು ಓದಿ ಮುಗಿದ ಮೇಲೆ ಯಜಮಾನರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಬೆರಳಿಟ್ಟುಕೊಂಡು ಓದಿದೆ. ಇಷ್ಟಿತ್ತು: "ಕೇಸರಿಬಾತು ಕೊಟ್ಟ ಸೋಮವಾರ ಒಬ್ಬ ಹುಡುಗಿಗೆ ಯಾರ ಅಟ್ಟ ಹತ್ತಿದೆ ಅಂದೆ. ಅದು ಅವರ ಅಮ್ಮ ದುಡಿದು ಕೂಲಿಗೆ ತಂದ ಕಾಯಿ. ಅದು ನನಗೆ ಗೊತ್ತಾಗಬೇಕಿತ್ತು. ಗೊತ್ತಿತ್ತು. ನೀವು ನಮಸ್ಕಾರ ಬರೆದ ಚ‌ಟ್ನಿ ಆ ಕಾಯಿದು. ನನ್ನ ಮೇಲೆ ಇದು ನನ್ನ ದೂರು."

ಯಾರೂ ನಗಲಿಲ್ಲ. ತುರುವೇಕೆರೆಯ ಆ ಹುಡುಗ ತಲೆ ತಗ್ಗಿಸಿದ. ನಾನು ಕತ್ತೆತ್ತಿ ನೋಡಿದಾಗ ಹೊರಗೆ ನಲ್ಲಿಯ ಹತ್ತಿರ ಉದ್ದ ಜಡೆ ಕಂಡಿತು. ಅವಳು ಒಳಗೆ ಬರಲಿಲ್ಲ. ಕೇಳಿಸಿಕೊಂಡು ಹೊರಟಳು.

ಪ್ರಿನ್ಸಿಪಾಲರು, "ಸರಿಪಡಿಸೋದು ಹೇಗಮ್ಮ, ಎದುರಿನ ಪುಟದಲ್ಲಿ ಏನು ಬರೆಯೋಣ?" ಎಂದು ಕೇಳಿದರು. ಮಂಕರಿ ತೆಗೆಯಬೇಕು ಎಂದೆ. ಮಂಡಿಯ ಹೆಂಗಸರ ಪಾಲಿಗೆ ಬರುವ ಅರೆ ಒಣಗಿದ ಕಾಯಿಯನ್ನು ಕ್ಯಾಂಟೀನೇ ಕೊಳ್ಳಲಿ, ಅದಕ್ಕೆ ತಕ್ಕ ಹಾಗೆ ಇಡ್ಲಿಯ ದರ ಸ್ವಲ್ಪ ಏರಲಿ ಎಂದೆ. ಆಯಿತು ಎಂದರು. ಆಮೇಲೆ ನಮ್ಮ ಚಟ್ನಿ ಊರಲ್ಲೆಲ್ಲ ಹೆಸರಾಯಿತು. ಆ ಹೆಸರು ಕೇಳಿದಾಗಲೆಲ್ಲ ನಾನು ಒಳಗೆ ಎದ್ದು ಹೋಗುತ್ತಿದ್ದೆ.

ಹುಡುಗಿ ಸೋಮವಾರ ತರಗತಿಗೆ ಬಂದಳು. ಹಾಜರಿ ಕೂದಲೆಳೆಯಲ್ಲಿ ಸಾಕಾಯಿತು. ಮುಷ್ಟಿ ಅಲುಗಾಡಿಸುವುದು ಒಂದೇ ಸಲಕ್ಕೆ ನಿಂತಿತು ಎಂದು ಹೇಳಲಾರೆ. ಒಬ್ಬಿಬ್ಬರು ಇನ್ನೂ ಮಾಡುತ್ತಿದ್ದರು. ನನ್ನ ಎದುರಿಗೆ ಮಾಡಿದವನಿಗೆ ಸೌಟು ತೋರಿಸಿದೆ. ಎದುರಿಗಿಲ್ಲದಾಗ ಏನಾಯಿತೋ ಅವಳಿಗೇ ಗೊತ್ತು. ಮಾತನ್ನು ಎಲ್ಲರ ಮುಂದೆ ವಾಪಸ್ಸು ತೆಗೆದುಕೊಂಡರೂ ಅದು ಪೂರ್ತಿ ವಾಪಸ್ಸು ಬರುವುದಿಲ್ಲ.

ಆದರೆ ಕ್ಯಾಂಟೀನಿನೊಳಗೆ ಅವಳು ಕಾಲಿಡಲಿಲ್ಲ. ಹೊಂಗೆಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಿದ್ದಳು. ಒಂದು ದಿನ ತಟ್ಟೆಯಲ್ಲಿ ಇಡ್ಲಿ ಚಟ್ನಿ ಹಾಕಿ ಅವಳ ಗೆಳತಿಯ ಕೈಯಲ್ಲಿ ಕಳಿಸಿದೆ. ತಟ್ಟೆ ಹಾಗೆಯೇ ವಾಪಸ್ಸು ಬಂತು. "ಕೋಪಕ್ಕಲ್ಲ, ನಾನು ಕೇಳಿಲ್ವಲ್ಲ" ಎಂದು ಹೇಳಿ ಕಳಿಸಿದ್ದಳು. ಪುಸ್ತಕದಲ್ಲೂ ಅವಳ ಅಕ್ಷರ ಮತ್ತೆ ಬರಲಿಲ್ಲ. ಅವಳ ತಾಯಿ ಮಾತ್ರ ದಾರಿಯಲ್ಲಿ ಸಿಕ್ಕಾಗಲೆಲ್ಲ ನಿಲ್ಲಿಸಿ ಮೊಮ್ಮಗಳ ಕ್ಷೇಮ ಕೇಳುತ್ತಿದ್ದರು. "ನಮ್ಮ ಹುಡ್ಗಿಗೆ ನೀವು ಕೊಟ್ಟ ಮರ್ಯಾದೆ ಮರೆಯಕ್ಕಾಗಲ್ಲ ಅಮ್ಮಾವ್ರೆ" ಎನ್ನುತ್ತಿದ್ದರು. ಕಾಲೇಜಿನ ಒಳಗೆ ನಡೆದದ್ದು ಮಂಡಿಯ ಅಂಗಳಕ್ಕೆ ಬರಲೇ ಇಲ್ಲ. ಆಕೆಗೆ ನಾನು ಇವತ್ತಿಗೂ ನಿಜ ಹೇಳಿಲ್ಲ. ಹೇಳಬೇಡಿ ಎಂದು ಆ ಹುಡುಗಿಯೇ ಕೇಳಿಕೊಂಡಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಅದು ಅರ್ಧ ನಿಜ. ಇನ್ನರ್ಧ, ಆ ತಾಯಿಯ ಕಣ್ಣಲ್ಲಿ ನಾನು ಒಳ್ಳೆಯವಳಾಗಿ ಉಳಿಯಬೇಕೆಂಬ ಆಸೆ.

ಅವಳ ಕೊನೆಯ ವರ್ಷದ ಕೊನೆಯ ಪರೀಕ್ಷೆಯ ದಿನ. ಮಧ್ಯಾಹ್ನ ಕ್ಯಾಂಟೀನು ಹೆಚ್ಚುಕಮ್ಮಿ ಖಾಲಿಯಾಗಿತ್ತು. ಬೆಳಿಗ್ಗೆಯ ಇಡ್ಲಿ ನಾಲ್ಕು ಉಳಿದಿದ್ದವು. ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದೆ.

"ಒಂದು ಪ್ಲೇಟ್ ಇಡ್ಲಿ ಕೊಡಿ ಅಮ್ಮ" ಎಂದಳು. "ಚಟ್ನಿ ಹಾಕಿ."

ಹಾಕಿಕೊಟ್ಟೆ. ಅವಳು ಕೂರಲಿಲ್ಲ, ಕಟ್ಟೆಯ ಹತ್ತಿರವೇ ನಿಂತು ತಿಂದಳು. ಮೊದಲು ಚಟ್ನಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿ, ಕಣ್ಣು ಸಣ್ಣದು ಮಾಡಿ ರುಚಿ ನೋಡಿದಳು. ಎರಡು ಇಡ್ಲಿಯನ್ನೂ ತಿಂದಳು. ನಾನು ಪಾತ್ರೆ ಉಜ್ಜುವವಳ ಹಾಗೆ ನಟಿಸುತ್ತ ನಿಂತಿದ್ದೆ. ಕ್ಷಮಿಸಿದೆ ಎನ್ನುತ್ತಾಳೋ, ಮರೆತಿಲ್ಲ ಎನ್ನುತ್ತಾಳೋ, ಏನು ಅಂದರೂ ಸರಿ, ಏನಾದರೂ ಅನ್ನಲಿ ಎಂದು ದೇವರನ್ನು ಬೇಡುತ್ತಿದ್ದೆ.

ಕೈ ತೊಳೆದುಕೊಂಡಳು. ಚಿಲ್ಲರೆಯನ್ನು ಕಟ್ಟೆಯ ಮೇಲಿಟ್ಟಳು.

"ಉಪ್ಪು ಒಸಿ ಕಮ್ಮಿ ಆಗೈತೆ ಅಮ್ಮ" ಎಂದು ಹೇಳಿ ಹೊರಟಳು.

ಅವಳು ಗೇಟು ದಾಟುವವರೆಗೆ ನೋಡಿದೆ. ಆಮೇಲೆ ಚಟ್ನಿಯನ್ನು ಬಾಯಿಗೆ ಹಾಕಿಕೊಂಡೆ. ನಿಜ, ಉಪ್ಪು ಕಮ್ಮಿಯಿತ್ತು.